ಮಗಳು ನಕ್ಕ ಪಾಠ

ಹಲ್ಲಿನ ಡಾಕ್ಟರ ಬಳಿ ಸರದಿಗಾಗಿ ಕಾದಿದ್ದ ದರ್ಜಿಯಮ್ಮನಿಗೆ ಪಕ್ಕದ ಬೆಂಚಿನ ಅಕ್ಕತಂಗಿಯರ ಮಾತು ಕಿವಿಗೆ ಬಿತ್ತು. ಕನ್ನಡಕ ಹಾಕಿದ್ದ ಅಕ್ಕ ಶಾಲೆಯ ಟೀಚರು.

"ನಾನು ಕಳಿಸಿದ ಲೆಕ್ಕದ ಪಾಠದ ವೆಬ್‌ಸೈಟುಗಳನ್ನ ಮಗಳಿಗೆ ತೋರಿಸಿದ್ಯಾ?" ಎಂದಳು ಅಕ್ಕ.

"ತೋರಿಸ್ದೆ. ಒಳ್ಳೆ ಪಾಠಗಳೇ. ಆದ್ರೆ ಬರೀ ಮಾತು, ಅಕ್ಕ. ಕಿವಿ ಕೇಳದ ಮಗು ಎಷ್ಟೂಂತ ಬಾಯಿ ನೋಡ್ಕೊಂಡು ಕೂತಿರುತ್ತೆ?"

"ಅಯ್ಯೋ, ನಂಗದು ಹೊಳೀಲೇ ಇಲ್ಲ ನೋಡು."

"ಹುಡುಕ್ತಾ ಹುಡುಕ್ತಾ ಇನ್ನೊಂದು ಸಿಕ್ತು. ಅದ್ರಲ್ಲಿ ಮೇಷ್ಟ್ರಿಗೂ ಕಿವಿ ಕೇಳಲ್ಲ, ಲೆಕ್ಕವನ್ನೆಲ್ಲ ಕೈಸನ್ನೆಯಲ್ಲೇ ಹೇಳ್ಕೊಡ್ತಾರೆ. ನಿನ್ನೆ ಪಾಠದ ಮಧ್ಯೆ ಇವಳು ಹೊಟ್ಟೆ ಹಿಡ್ಕೊಂಡು ನಕ್ಕುಬಿಟ್ಳು."

"ಯಾಕೆ?"

"ಮೇಷ್ಟ್ರು ಏನೋ ತಮಾಷೆ ಮಾಡಿದ್ರು. ನಂಗೆ ತಲೆಬುಡ ಗೊತ್ತಾಗ್ಲಿಲ್ಲ. ಮನೇಲಿ ನಾವೆಲ್ಲ ನಗುವಾಗ ಅವಳಿಗೂ ಹೀಗೇ ಆಗ್ತಿತ್ತೇನೋ."

ಅಕ್ಕ ತಂಗಿಯತ್ತ ತಿರುಗಿ ಕೂತಳು.

"ಅಲ್ಲಿ ದೊಡ್ಡವರಿಗೂ ಕೈಸನ್ನೆ ಪಾಠ ಇದ್ಯಾ?"

"ಇದೆ. ನಾನು ಮೊದಲನೇ ಪಾಠದಿಂದ ಕಲೀತಿದೀನಿ. ತಪ್ಪಿದ್ರೆ ಅವಳು ತಲೆಗೆ ಮೊಟಕ್ತಾಳೆ."

"ನಂಗೂ ಕಳಿಸು. ನಾನೂ ಮೊಟಕಿಸ್ಕೋತೀನಿ."

ಒಳಗಿನಿಂದ ಕರೆ ಬಂತು. ತಂಗಿ ದವಡೆ ಹಿಡಿದುಕೊಂಡು ಎದ್ದಳು. ಅವಳ ಚೀಲ ಎತ್ತಿಕೊಂಡು ಹಿಂದೆ ಹೊರಟ ಅಕ್ಕ ಕೇಳಿದಳು:

"ದೊಡ್ಡಮ್ಮ ಅಂತ ನನ್ನನ್ನ ಕೈಸನ್ನೇಲಿ ಹೇಗೆ ಕರೀತಾಳೆ?"

ತಂಗಿ ಮೂಗಿನ ತುದಿಗೆ ಜಾರಿದ ಕನ್ನಡಕವನ್ನು ಬೆರಳಲ್ಲೇ ಅಭಿನಯಿಸಿ, ಅದರ ಮೇಲಿಂದ ಅಕ್ಕನ ಹಾಗೆಯೇ ಗುರಾಯಿಸಿದಳು. ಅಕ್ಕ ನಗುತ್ತಲೇ ಅದನ್ನು ಮಾಡಿ ನೋಡುತ್ತ ಒಳಗೆ ಹೋದಳು.