ಸೋಪು ಮುಟ್ಟಿಸಿದ ಕಾಫಿ ಪಾತ್ರೆ

ಇಟಲಿಯ ಪೆರುಜಾ ಊರಿನ ದಿಬ್ಬ ಹತ್ತುವ ಬಸ್ಸು ಕಿಕ್ಕಿರಿದಿತ್ತು. ನೋರ್ಮಾಳ ಮುಂದಿನ ಸೀಟಿನಲ್ಲಿ ಅವಳ ಬೀದಿಯ ಅರ್ಮಿದಾ ಅಜ್ಜಿ, ಪಕ್ಕದಲ್ಲಿ ಅಜ್ಜಿಯ ಮನೆಯಲ್ಲಿ ಬಾಡಿಗೆಗಿದ್ದ ಡೆನ್ಮಾರ್ಕಿನ ವಿದ್ಯಾರ್ಥಿನಿ ಸಿಗ್ನೆ. ಕಿವಿ ಮುಚ್ಚಿಕೊಳ್ಳಲು ನೋರ್ಮಾಳಿಗೆ ಮನಸ್ಸಾಗಲಿಲ್ಲ.

"ಸಿನ್ಯೋರಾ, ಒಂದು ಕೇಳ್ಲಾ? ಆ ಹೊಸ ಪಾತ್ರೇಲಿ ದಿನಾ ಕಾಫಿ ಮಾಡಿ ಸಿಂಕಿಗೆ ಯಾಕೆ ಸುರೀತೀರಿ?"

"ಹೊಸದರಲ್ಲಿ ಬರೀ ತಗಡಿನ ರುಚಿ ಕಣೇ ಸಿಗ್ನೆ. ಪಾತ್ರೆ ಪಳಗಬೇಕು."

"ನಾನು ಊರಿಗೆ ಹೊರಟಿದ್ದೀನಿ ಅಂತ ನಂಗೋಸ್ಕರ ಪಳಗಿಸ್ತಿದ್ದೀರಾ?"

"ಅಯ್ಯೋ, ಅದು ನಂಗೆ. ನೀನು ಹಳೇದನ್ನ ತಗೊಂಡು ಹೋಗು."

"ಹಳೇದಾ! ಅದು ನಿಮ್ಮ ಮದುವೇಲಿ ಬಂದಿದ್ದಲ್ವಾ? ನಾನು ನಿಮ್ಮ ಮನೆಗೆ ಬಂದ ವಾರವೇ ಅದಕ್ಕೆ ಸೋಪು ಹಾಕಿ ತಿಕ್ಕಿದ್ದಕ್ಕೆ ನೀವು ಮಾತೇ ಬಿಟ್ಟಿದ್ರಿ."

"ಬಿಡದೆ ಮತ್ತೆ? ನಮ್ಮ ಯಜಮಾನರ ಕಾಲದ ರುಚೀನೆಲ್ಲ ಚರಂಡಿಗೆ ಬಿಟ್ಟೆಯಲ್ಲೇ ತಾಯಿ!"

"ಅದನ್ನ ಬರೀ ನೀರಲ್ಲಿ ತೊಳೀಬೇಕು ಅಂತ ನಂಗೇನು ಗೊತ್ತಿತ್ತು?"

"ಸರಿ ಬಿಡು. ಅವರು ಹೋದ ಮೇಲೆ ಅಡುಗೆಮನೇಲಿ ಒಬ್ಬಳೇ ಕೂತು ಕುಡೀತಿದ್ದೆ. ಈಗ ಆ ಪಾತ್ರೇಲಿರೋ ರುಚಿ, ನೀನು ದಿನಾ ಬೆಳಿಗ್ಗೆ ನನ್ನೆದುರು ಕೂತು ಕುಡಿದಿದ್ದರಿಂದ ಬಂದಿದ್ದು. ಅದು ನಿಂದೇ."

ಹುಡುಗಿ ಕಿಟಕಿಯ ಕಡೆ ತಿರುಗಿ ಮೂಗು ಒರೆಸಿಕೊಂಡಳು. ಅಷ್ಟರಲ್ಲಿ ನಿಲ್ದಾಣ ಬಂತು. ಇಬ್ಬರೂ ಎದ್ದರು.

"ನೋಡು, ಅಲ್ಲಿ ಹೋಗಿ ಮತ್ತೆ ಸೋಪು ಮುಟ್ಟಿಸಿದ್ಯೋ, ಡೆನ್ಮಾರ್ಕಿಗೇ ಬಂದು ಕಿವಿ ಹಿಂಡ್ತೀನಿ!"

"ಹಾಗಾದ್ರೆ ಹೋದ ದಿನವೇ ಸೋಪು ಹಾಕಿ ತೊಳೀತೀನಿ, ಸಿನ್ಯೋರಾ," ಎನ್ನುತ್ತ ಹುಡುಗಿ ಅಜ್ಜಿಯ ತೋಳು ಹಿಡಿದು ಮೆಲ್ಲಗೆ ಇಳಿಸಿಕೊಂಡಳು.