ಗುಡಿಸಿಟ್ಟ ಜಾಗ

ಮೇ ತಿಂಗಳ ಒಂದು ಭಾನುವಾರ ಸಂಜೆ ಸಿಂಗಪುರದ ಸೆಂಬವಾಂಗ್‌ನಲ್ಲಿ ಎಂತಹ ಮಳೆ ಬಂತೆಂದರೆ, ಫ್ಲ್ಯಾಟುಗಳ ಕೆಳಗಿನ ತೆರೆದ ವಾಯ್ಡ್ ಡೆಕ್ಕಿನಲ್ಲಿ ಸತ್ಯನಾರಾಯಣ ಪೂಜೆಯ ಊಟ ಮುಗಿಸಿದ್ದವರು ಯಾರೂ ಬಸ್ ಸ್ಟಾಪಿನ ತನಕವೂ ಹೋಗಲಾಗದೆ, ಕುರ್ಚಿಗಳನ್ನು ಕಂಬದ ಪಕ್ಕಕ್ಕೆ ಎಳೆದುಕೊಂಡು ಕುಳಿತುಬಿಟ್ಟರು. ನಳಿನಿ ಮಾತ್ರ ಫೋನಿನಿಂದ ಕಣ್ಣೆತ್ತಿರಲಿಲ್ಲ. ಜೂನ್ ರಜೆಗೆ ಆಸ್ಟ್ರೇಲಿಯಾದ ಮರಳುಗಾಡಿನಲ್ಲಿ ಕ್ಯಾಂಪರ್ ವ್ಯಾನ್ ಓಡಿಸಬೇಕೆಂಬುದು ಗಂಡ ಗುರುಮೂರ್ತಿಯ ಆಸೆ. ವ್ಯಾನ್ ಬುಕ್ ಆಗಿತ್ತು. ಆದರೆ ರಾತ್ರಿ ಅದನ್ನು ಎಲ್ಲಿ ನಿಲ್ಲಿಸುವುದು? ಒಂಬತ್ತು ವರ್ಷದ ವಿಹಾನನಿಗೆ ಸ್ವಲ್ಪ ಧೂಳು ತಾಗಿದರೂ ಎದೆಯಲ್ಲಿ ಪೀಪಿ ಊದಿದ ಹಾಗೆ ಸದ್ದಾಗುತ್ತಿತ್ತು. ಜಾಗ ತಪ್ಪಾದರೆ ಹತ್ತಿರದ ಆಸ್ಪತ್ರೆ ಮುನ್ನೂರು ಕಿಲೋಮೀಟರ್ ದೂರ ಎಂಬ ಲೆಕ್ಕ ಅವಳ ನಿದ್ದೆ ಕೆಡಿಸಿತ್ತು.

"ಇದು ನೋಡೇ, ಫುಲ್ ಫ್ಲ್ಯಾಟ್ ಆಗಿದೆ, ಒಂದು ಕಲ್ಲೂ ಇಲ್ಲ, ಮೇಲಾಗಿ ಫ್ರೀ," ಎಂದು ಗುರುಮೂರ್ತಿ ಒಂದು ಫೋಟೋ ತೋರಿಸಿದ. "ಇನ್ನೂ ಏನು ಥಿಂಕ್ ಮಾಡ್ತಿದೀಯ? ಫಿಕ್ಸ್ ಮಾಡೋಣ."

ಪಕ್ಕದಲ್ಲಿ ಕುಳಿತು ಉಳಿದ ಕೋಸಂಬರಿಯನ್ನು ಮೆಲ್ಲಗೆ ಮುಗಿಸುತ್ತಿದ್ದ ಸೇತುರಾಮ ಅಂಕಲ್ ಆ ಫೋಟೋ ನೋಡಿ ಚಮಚ ಕೆಳಗಿಟ್ಟರು. ಇಲ್ಲಿನ ಹಡಗುಕಟ್ಟೆಯಲ್ಲಿ ಮೂವತ್ತು ವರ್ಷ ಕ್ರೇನ್ ಓಡಿಸಿದವರು. ಅದಕ್ಕೂ ಮೊದಲು ಕೊಲ್ಲಿ ದೇಶದಲ್ಲಿ ಡ್ರೈವರ್ ಆಗಿದ್ದವರು. ಮೂರನೇ ಕ್ಲಾಸಿಗೇ ಶಾಲೆ ಬಿಟ್ಟಿದ್ದರೂ ನೋಡಿದ್ದೊಂದನ್ನೂ ಮರೆತವರಲ್ಲ.

"ಇಷ್ಟು ಚೊಕ್ಕ ಇರೋ ಜಾಗ ನಾನೂ ಒಂದು ಸಲ ಆರಿಸಿದ್ದೆ ಕಣಮ್ಮ," ಎಂದರು.

"ಘೋಸ್ಟ್ ಸ್ಟೋರಿನಾ ತಾತ?" ಎಂದು ವಿಹಾನ್ ಕುರ್ಚಿಯನ್ನೇ ಹೊತ್ತುಕೊಂಡು ಬಂದ.

"ಕೇಳಿದ ಮೇಲೆ ನೀನೇ ಹೇಳು."

ಮಳೆಯ ಸದ್ದಿಗಿಂತ ಒಂದು ಎಳೆ ಮೇಲಿನ ದನಿಯಲ್ಲಿ ಅವರು ಶುರು ಮಾಡಿದರು.

"ಕೊಲ್ಲಿ ಮರಳುಗಾಡಲ್ಲಿ ನನ್ನ ಗಾಡಿ ಅಂದ್ರೆ ಮನೆ ಇದ್ದ ಹಾಗೆ... ಒಳಗೇ ಅಡುಗೆ, ಒಳಗೇ ಹಾಸಿಗೆ. ಎಣ್ಣೆ ಹುಡುಕೋ ಇಂಜಿನಿಯರ್‌ಗಳು ಹಿಂದೆ ಬರೋರು, ನಾನೂ ಅಡುಗೆ ಅಚ್ಯುತನೂ ಎರಡು ದಿನ ಮುಂಚೆ ಹೋಗಿ ತಂಗೋ ಜಾಗ ನೋಡಬೇಕು. ಜಾಗ ನೋಡೋದು ಹುಡುಗಾಟ ಅಂದ್ಕೊಂಡ್ರಾ? ಒಣಗಿದ ಹಳ್ಳದಲ್ಲಿ ನಿಲ್ಲಿಸಬಾರದು, ಎಲ್ಲೋ ಮಳೆಯಾದ್ರೆ ಇಲ್ಲಿ ಪ್ರವಾಹ ಬರುತ್ತೆ. ಲಾರಿ ಓಡಾಡೋ ದಾರಿ ಪಕ್ಕ ಬೇಡ, ಧೂಳೆಲ್ಲಾ ನಿಮ್ಮ ಅನ್ನಕ್ಕೇ. ಗಾಳಿ ಬರೋ ಕಡೆಗೆ ಗಾಡಿ ಬೆನ್ನು, ಬಾಗಿಲು ಈಚೆಗೆ. ಎಲ್ಲಕ್ಕಿಂತ ಮುಖ್ಯ... ಆ ನೆಲದ ಮೇಲೆ ಹಾಲಿನ ಕೆನೆ ಥರ ತೆಳ್ಳಗೆ ಒಂದು ಹೆಪ್ಪು ಇರುತ್ತೆ, ಅದನ್ನ ಒಡೀಬಾರದು. ಒಡೆದ್ರೆ ಕೆಳಗಿರೋದು ಮೈದಾಹಿಟ್ಟಿಗಿಂತ ನುಣ್ಣಗಿನ ಧೂಳು. ಎದೆಗೆ ಹೋದ್ರೆ ಆಚೆ ಬರಲ್ಲ.

"ಅಚ್ಯುತ ಭಾಳ ಒಳ್ಳೆಯವನು. ಅವನ ಸಾರು ಕುಡಿದ್ರೆ ಒಂಟೆನೂ ಎರಡನೇ ಸಲ ಕೇಳಬೇಕು! ಒಂದೇ ಕಾಯಿಲೆ ಅವನಿಗೆ... ಬೆಳಗಾದ್ರೆ ಬಾಗಿಲ ಮುಂದೆ ಗುಡಿಸಬೇಕು. ಅಲ್ಲಯ್ಯ, ಇಡೀ ಮರಳುಗಾಡು ನಿನ್ನ ಅಂಗಳನಾ? ಅಂದ್ರೆ, 'ಬಾಗಿಲು ಇದೆ ಅಂದ್ಮೇಲೆ ಅಂಗಳ ಇಲ್ವಾ?' ಅನ್ನೋನು. ಆಯ್ತು, ನೀರಾದ್ರೂ ಚಿಮುಕಿಸಪ್ಪ ಅಂದ್ರೆ, ಕುಡಿಯೋಕೇ ಇಲ್ಲ ಅಂತ ಒಣಗುಡಿಸೋದು. ಊರಿಂದ ತಂದ ಕಡ್ಡಿಪೊರಕೆ ಬೇರೆ, ಬಾಗಿಲ ಹೊರಗೇ ತೂಗುಹಾಕಿರೋನು!

"ಒಂದಿನ ಹೊತ್ತು ಮುಳುಗೋ ಹೊತ್ತಿಗೆ ಜಾಗ ಸಿಕ್ಕಿರಲಿಲ್ಲ, ಗಾಳಿ ಎದ್ದಿತ್ತು. ಆಗ ಕಾಣಿಸ್ತು ನೋಡಿ... ಸಮ ಅಂದ್ರೆ ಸಮ, ಒಂದು ಕಲ್ಲಿಲ್ಲ, ಒಂದು ಮುಳ್ಳಿಲ್ಲ. ಯಾರೋ ಈಗ ತಾನೇ ಗುಡಿಸಿಟ್ಟ ಹಾಗೆ. ಸುತ್ತ ನೂರು ಮೈಲಿ ಯಾರೂ ಇಲ್ಲ, ಗುಡಿಸಿದ್ದು ಯಾರು ಅಂತ ಕೇಳಬೇಕಿತ್ತು ತಾನೇ? ಕೇಳಲಿಲ್ಲ. ಸುಸ್ತಾಗಿತ್ತು, ನಿಲ್ಲಿಸಿದೆ.

"ಲಾಟೀನು ಹಚ್ಚಿದ್ವಿ. ಅಷ್ಟರಲ್ಲಿ ಆಚೆ... ಸರ್... ಸರ್... ಸರ್... ಅಚ್ಯುತ ಸೌಟು ಹಿಡ್ಕೊಂಡೇ, 'ದೀಪ ಹಚ್ಚಿದ ಮೇಲೆ ಗುಡಿಸ್ತಾರೇನ್ರೀ ಯಾರಾದ್ರೂ? ಯಾವ ಮನೆಯವನು ಇವನು?' ಅಂತ ಬೈಕೊಂಡು ಇಳಿದ. ಬೈಗುಳ ಕೇಳಿಸ್ತು, ಆಮೇಲೆ ನಗು ಕೇಳಿಸ್ತು, ಆಮೇಲೆ... ಎರಡು ಪೊರಕೆ ಸದ್ದು.

"ಕಿಟಕೀಲಿ ನೋಡ್ತೀನಿ, ಧೂಳು ಆಳೆತ್ತರ ಎದ್ದಿದೆ. ಅದರೊಳಗೆ ನಮ್ಮ ಅಚ್ಯುತ, ಅವನ ಪಕ್ಕ ಪಂಚೆ ಎತ್ತಿ ಕಟ್ಟಿದ ಇನ್ನೊಬ್ಬ. ಇಬ್ಬರೂ ಪಂದ್ಯ ಕಟ್ಟಿದ ಹಾಗೆ ಗುಡಿಸ್ತಾರೆ, ಕೆಮ್ಮುತಾರೆ, ಗುಡಿಸ್ತಾರೆ... ನಾನು ಟವೆಲ್ ಒದ್ದೆ ಮಾಡಿ ಮೂಗಿಗೆ ಕಟ್ಕೊಂಡು ಓಡಿದೆ. ಆ ಇನ್ನೊಬ್ಬ ಬಗ್ಗಿದ ತಲೆ ಎತ್ತದೆ ನಮ್ಮ ಕನ್ನಡದಲ್ಲಿ ಹೇಳ್ತಾನೆ... 'ಸ್ವಲ್ಪ ಪಕ್ಕಕ್ಕೆ ಬನ್ರೀ, ಇನ್ನೂ ಅಷ್ಟು ಬಾಕಿ ಇದೆ.' ಅವನು ಪೊರಕೆ ತೋರಿಸಿದ ಕಡೆ ನೋಡಿದೆ. ಎಲ್ಲೀವರೆಗೆ? ಆಕಾಶ ಮುಟ್ಟೋವರೆಗೆ. ಕೆಳಗೆ ನೋಡಿದೆ... ಅಚ್ಯುತನ ಹೆಜ್ಜೆ ಇದೆ, ಅವನದಿಲ್ಲ."

ಗುರುಮೂರ್ತಿ ನಗಲು ಹೋಗಿ ಕೆಮ್ಮಿದ. ವಿಹಾನ್ ಅಮ್ಮನ ಮಡಿಲಿಗೆ ಸರಿದ. ನಳಿನಿ ಅವನ ಬೆನ್ನ ಮೇಲೆ ಕೈಯಿಟ್ಟು, ಮಗುವಿನ ಉಸಿರು ಹಗುರವಾಗಿರುವುದನ್ನು ಅಂಗೈಯಿಂದಲೇ ಕೇಳಿಕೊಂಡಳು.

"ಅಚ್ಯುತನ ತುಟಿ ನೀಲಿಯಾಗಿತ್ತು. ಎಳೆದ್ರೆ ಬರ್ತಾ ಇಲ್ಲ. ನನಗೆ ಮಂತ್ರ ಬರುತ್ತಾ? ಏನೂ ಬರಲ್ಲ. ನಮ್ಮಮ್ಮ ನೆನಪಾದಳು... ಅಂಗಳಕ್ಕೆ ನೀರು ಹಾಕಿ ಆದ್ಮೇಲೆ ಯಾರೂ ಪೊರಕೆ ಮುಟ್ಟಲ್ಲ, ಅಲ್ವಾ? ಕೆಲಸ ಮುಗೀತು ಅಂತ ಅರ್ಥ. ಒಳಗೆ ನಲವತ್ತು ಲೀಟರ್ ನೀರಿತ್ತು, ಇಬ್ಬರ ಎರಡು ದಿನದ ಪ್ರಾಣ ಅದು. ತಂದು ಚಿಮುಕಿಸಿದೆ. ಒಂದು ಹನಿ ಇಟ್ಕೊಳ್ಳಲಿಲ್ಲ. ಧೂಳು ಹಾಗೇ ಕೂತ್ಕೊಂಡ್ತು... ಮಣ್ಣಿನ ವಾಸನೆ ಎದ್ದು ಬಂತು. ಆ ಇನ್ನೊಬ್ಬ ಗುಡಿಸೋದು ನಿಲ್ಲಿಸಿದ. ನಡು ಹಿಡ್ಕೊಂಡು ನೆಟ್ಟಗಾಗಿ, 'ಅಬ್ಬಾ... ಆಯ್ತಾ? ಸಾಕಾ?' ಅಂದ. ಆಯ್ತಪ್ಪ, ಸಾಕು ಮಲಕ್ಕೋ, ಅಂದೆ. ಪೊರಕೆ ಕಂಕುಳಲ್ಲಿ ಇಟ್ಕೊಂಡು ಹೊರಟ... ಹತ್ತು ಮಾರು ದೂರ ಕಾಣಿಸಿದ, ಅಷ್ಟೇ.

"ಅಚ್ಯುತನ್ನ ಹೊತ್ತು ಗಾಡಿಗೆ ಹಾಕ್ಕೊಂಡು ಓಡಿಸಿದೆ. ಆರು ಗಂಟೆ ದಾರಿ, ನಾಲಗೆ ಮರದ ತುಂಡಾಗಿತ್ತು. ಎರಡು ತಿಂಗಳು ಆಸ್ಪತ್ರೇಲಿದ್ದು ಬದುಕಿದ. ಆಫೀಸಲ್ಲಿ ವಿಚಾರಿಸಿದ್ರೆ, ಹಿಂದಿನ ವರ್ಷ ಅಲ್ಲೇ ಕ್ಯಾಂಪ್ ಇತ್ತಂತೆ, ಜಗದೀಶ ಅಂತ ನಮ್ಮ ಕಡೆಯ ಅಡುಗೆಯವನು, ದಿನಾ ಗುಡಿಸ್ತಿದ್ದನಂತೆ. ಎದೆ ತುಂಬ ಧೂಳು ಕಟ್ಟಿ ತೀರ್ಕೊಂಡನಂತೆ. ಎಲ್ಲರೂ ಚೊಕ್ಕ ಇದೆ ಅಂತ ಹೊಗಳಿದ್ರು, ಸಾಕು ಅಂತ ಒಬ್ಬರೂ ಹೇಳಲಿಲ್ಲ."

ನಳಿನಿ ಫೋನ್ ತೆಗೆದು ಗಂಡನ ಚೊಕ್ಕ ಜಾಗವನ್ನು ಅಳಿಸಿದಳು. ದಾರಿಯಿಂದ ದೂರದ, ಹೆಪ್ಪು ಒಡೆಯದ, ಜಲ್ಲಿಕಲ್ಲಿನ ಒಂದು ಒರಟು ಬಯಲನ್ನು ಆರಿಸಿದಳು. ಆಸ್ಪತ್ರೆ ಇರುವ ಪಟ್ಟಣದಿಂದ ಅದು ಇಪ್ಪತ್ತೇ ನಿಮಿಷ.

"ಅಲ್ಲಿ ನಿಲ್ಲಿಸಿದ್ರೆ ವ್ಯಾನ್ ವಾಲುತ್ತಲ್ಲೇ!" ಎಂದ ಗುರುಮೂರ್ತಿ.

"ವಾಲಲಿ. ನೀವು ಕೆಳಗಿನ ಸೈಡಲ್ಲಿ ಮಲಗಿ. ನೆಲ ಒರೆಸೋ ಬಟ್ಟೆ ಪ್ಯಾಕ್ ಮಾಡ್ತೀನಿ, ಪೊರಕೆ ಬರಲ್ಲ."

ಎಲ್ಲರೂ ಘೊಳ್ಳೆಂದು ನಕ್ಕರು. ವಿಹಾನನಿಗೂ ಧೈರ್ಯ ಬಂತು. "ಸೋ ಅವನು ಸ್ಟಾಪ್ ಮಾಡ್ದ ಲಾ, ತಾತ! ನೀರು ಹಾಕಿದ್ರಲ್ಲ!"

"ಹಾಕಿದೆ ಮರಿ, ನಿಜ," ಎಂದು ಸೇತುರಾಮ ಅಂಕಲ್ ಹೊರಗಿನ ಮಳೆಯನ್ನೇ ನೋಡುತ್ತಾ ಹೇಳಿದರು. "ಅದು ಒಣಗೋವರೆಗೂ ಪೊರಕೆ ಮುಟ್ಟಲ್ಲ ಅವನು... ಆದ್ರೆ ಮರಳುಗಾಡಲ್ಲಿ ನೆಲದ ತೇವ ಎಷ್ಟು ಹೊತ್ತು ಇರುತ್ತೆ, ಹೇಳು?"