ದಾವೀದ ಅರಸನ ಎಣಿಕೆಯೂ ನನ್ನ ಎಣಿಕೆಯೂ

ಅಧ್ಯಕ್ಷ ಪೀಠವನ್ನು ಅಲಂಕರಿಸಿರುವ ಸನ್ಮಾನ್ಯ ಅಣ್ಣಯ್ಯನವರೇ, ಈ ಶಾಲೆಯನ್ನು ಮಗುವಿನಂತೆ ಸಾಕುತ್ತಿರುವ ಪೂಜ್ಯ ಪಾದ್ರಿಗಳೇ, ಹುಣಸೂರಿನ ಹಿರಿಯರೇ, ಪಿರಿಯಾಪಟ್ಟಣದಿಂದ ಬಸ್ಸಿನಲ್ಲಿ ನಿಂತೇ ಬಂದಿರುವ ಅಧ್ಯಾಪಕ ಮಿತ್ರರೇ, ತಾಯಂದಿರೇ, ಹಿಂದಿನ ಸಾಲಿನಲ್ಲಿ ಈಗಾಗಲೇ ಆಕಳಿಸುತ್ತಿರುವ ವಿದ್ಯಾರ್ಥಿಗಳೇ, ಮತ್ತು ಎಲ್ಲ ಸಭಿಕರೇ,

ಈ ವಾರ್ಷಿಕೋತ್ಸವಕ್ಕೆ ಪಾದ್ರಿಗಳು ನನಗೆ ಕೊಟ್ಟಿರುವ ವಿಷಯ 'ಇಸ್ರಾಯೇಲರ ಪುರಾತನ ಅರಸರ ಬಾಳಿನಿಂದ ಆಧ್ಯಾತ್ಮಿಕ ಪಾಠಗಳು'. ಹಣೆಯಲ್ಲಿ ವಿಭೂತಿ, ಎದೆಯ ಮೇಲೆ ಲಿಂಗ ಇರುವ ಈ ಶಿವನಂಜಪ್ಪ ಮೇಷ್ಟ್ರಿಗೆ ಇದೇಕೆ ಎಂದು ನಾನೇ ಕೇಳಿದೆ. 'ಈ ತಾಲ್ಲೂಕಿನಲ್ಲಿ ಆ ಅರಸರ ಹೆಸರನ್ನು ವರಸೆಯಾಗಿ ಹೇಳಬಲ್ಲವರು ಇಬ್ಬರೇ ಮೇಷ್ಟ್ರೇ. ನನ್ನ ಭಾಷಣ ಎಲ್ಲರೂ ಪ್ರತಿ ಭಾನುವಾರ ಕೇಳುತ್ತಾರೆ' ಎಂದರು. ಮೈಸೂರಿನಲ್ಲಿ ಇಂಟರ್‌ಮೀಡಿಯೆಟ್ ಓದುವಾಗ ಒಬ್ಬ ಬಿಳಿಯ ದೊರೆ ನಮಗೆ ಆ ಕಥೆಗಳನ್ನು ಇಂಗ್ಲಿಷಿನಲ್ಲಿ ಪಾಠ ಮಾಡುತ್ತಿದ್ದ. ಇಂಗ್ಲಿಷು ಬಹುಪಾಲು ಹೋಯಿತು, ಅರಸರು ಉಳಿದರು.

ಅಧ್ಯಕ್ಷರು ನನ್ನನ್ನು ಪರಿಚಯಿಸುತ್ತಾ, ಐವತ್ತೊಂದನೆಯ ಇಸವಿಯ ಜನಗಣತಿಯಲ್ಲಿ ಹನಗೋಡಿನ ಕಡೆ ಆರುನೂರ ನಲವತ್ತೊಂದು ತಲೆಗಳನ್ನು ಒಂದೂ ತಪ್ಪದಂತೆ ಎಣಿಸಿದವರು ಎಂದರು. ಆಗ ಅವರೇ ನಮ್ಮ ಮೇಲ್ವಿಚಾರಕರು. ಅವರ ಮಾತನ್ನು ಅಲ್ಲಗಳೆಯುವುದು ಸಭ್ಯತೆಯಲ್ಲ. ಆದರೂ ಅಲ್ಲಗಳೆಯಬೇಕಾಗಿದೆ.

ತಾಯಂದಿರ ಕಡೆ ಎರಡನೆಯ ಬೆಂಚಿನಲ್ಲಿ ನನ್ನ ಮಗಳು ಮಂಗಳಗೌರಿ ಕುಳಿತಿದ್ದಾಳೆ. ಹೆಗ್ಗಡದೇವನಕೋಟೆಯ ಆಚೆ, ಬೇಗೂರಿನಿಂದ ನಿನ್ನೆ ಬಂದಳು. ಅವಳ ತಾಯಿಯ ಸಮಾಧಿಗೆ ಒಂದು ಕಲ್ಲು ಹಾಕಿಸುವ ಆಸೆ ಅವಳಿಗೆ. ನಾಳೆ ಬೆಳಿಗ್ಗೆ ಕಲ್ಲು ಕೆತ್ತುವವನಿಗೆ ಬರಹ ಕೊಡಬೇಕು. ಆ ಬರಹದಲ್ಲಿ ಒಂದು ಸುಳ್ಳು ಇದೆ. ಅದನ್ನು ಅವಳಿಗೆ ಹೇಳಿಕೊಟ್ಟವನು ನಾನು. ನಿನ್ನೆ ರಾತ್ರಿ ಊಟಕ್ಕೆ ಕುಳಿತಾಗ ಹೇಳಬೇಕೆಂದಿದ್ದೆ, ಸಾರು ಚೆನ್ನಾಗಿದೆ ಎಂದೆ. ಬೆಳಿಗ್ಗೆ ಹೇಳಬೇಕೆಂದಿದ್ದೆ, ನೀರು ಕಾದಿದೆಯೇ ಎಂದೆ. ಮನೆಯಲ್ಲಿ ಬಾರದ ಬಾಯಿ ವೇದಿಕೆಯ ಮೇಲೆ ಬಂದೀತೆಂದು ಇಲ್ಲಿ ನಿಂತಿದ್ದೇನೆ. ಮೂವತ್ತು ವರ್ಷ ಮೇಷ್ಟ್ರಾಗಿದ್ದವನಿಗೆ ಇದೊಂದೇ ಜಾಗ ರೂಢಿ.

ಇರಲಿ, ಅರಸರಿಗೆ ಬರೋಣ. ಮೊದಲನೆಯವನು ಸೌಲ. ಜನರೆಲ್ಲರಿಗಿಂತ ಒಂದು ತಲೆ ಎತ್ತರದ ಆಳು. 'ಹೆಡ್ ಅಂಡ್ ಷೋಲ್ಡರ್ಸ್' ಎಂದು ಆ ದೊರೆ ಕೈ ಎತ್ತಿ ತೋರಿಸುತ್ತಿದ್ದುದು ಕಣ್ಣಿಗೆ ಕಟ್ಟಿದೆ, ಮುಂದಿನ ವಾಕ್ಯ ಮರೆತಿದೆ. ಅಂಥವನು ಪಟ್ಟಕ್ಕೆ ಕರೆದ ದಿನ ಎಲ್ಲಿ ಹೋದ? ಸಾಮಾನಿನ ಗಂಟುಗಳ ನಡುವೆ ಅಡಗಿ ಕುಳಿತಿದ್ದ. ಜನ ಹೋಗಿ ಎಳೆದು ತಂದರು. ನೀವು ನಗುತ್ತೀರಿ. ಅಷ್ಟೆತ್ತರದವನು ಅಡಗುವುದೆಂದರೆ ಎಷ್ಟು ಬಗ್ಗಬೇಕು ಎಂಬುದನ್ನು ಯೋಚಿಸಿ. ಮೂರನೆಯವನು ಸೊಲೊಮೋನ, ಮಹಾ ವಿವೇಕಿ, ಏಳುನೂರು ಹೆಂಡಿರು. ಇವೆರಡೂ ಹೇಗೆ ಜೊತೆಗೆ ಹೋಗುತ್ತವೆ ಎಂದು ನಾವು ಕೇಳಿದ್ದಕ್ಕೆ ದೊರೆ ನಮ್ಮನ್ನು ಹೊರಗೆ ನಿಲ್ಲಿಸಿದ. ನನಗೆ ಇಂದು ಬೇಕಾದವನು ಇವರ ನಡುವಿನವನು, ದಾವೀದ.

ದಾವೀದ ಮುದುಕನಾದ. ಯುದ್ಧಗಳು ಮುಗಿದಿದ್ದವು. ಒಂದು ದಿನ ಅವನಿಗೆ ತನ್ನ ಜನ ಎಷ್ಟು ಎಂದು ತಿಳಿಯಬೇಕೆನಿಸಿತು. ಸೇನಾಪತಿ ಯೋವಾಬನನ್ನು ಕರೆದು ಎಣಿಸು ಎಂದ. ಯೋವಾಬ ಕ್ರೂರಿ, ಕೈಗೆ ರಕ್ತ ಅಂಟಿದವನು. ಅಂಥವನೂ ಬೇಡ ಒಡೆಯ, ಇದು ಯಾತಕ್ಕೆ ಎಂದ. ಅರಸ ಕೇಳಲಿಲ್ಲ. ಒಂಬತ್ತು ತಿಂಗಳು ಇಪ್ಪತ್ತು ದಿನ ಎಣಿಸಿದರು. ಲೆಕ್ಕ ಬಂದ ದಿನವೇ ಅರಸನ ಎದೆ ಕುಸಿಯಿತು. ದೇವರು ಮೂರು ಶಿಕ್ಷೆಗಳನ್ನು ಮುಂದಿಟ್ಟು ಆರಿಸಿಕೋ ಎಂದ. ಮೂರು ದಿನದ ಮಾರಿ ಬಂತು. ಎಪ್ಪತ್ತು ಸಾವಿರ ಜನ ಸತ್ತರು.

ಎಣಿಸಿದ್ದರಲ್ಲಿ ಏನು ತಪ್ಪು? ತರಗತಿಯಲ್ಲಿ ನಾವು ಕೇಳಿದ ಪ್ರಶ್ನೆ ಇದೇ. 'ಪ್ರೈಡ್' ಎಂದ ದೊರೆ. ನೋಟ್ಸಿನಲ್ಲಿ ಬರೆದುಕೊಂಡೆವು. ಬರೆದುಕೊಂಡದ್ದು ಅರ್ಥವಾಗಲು ನನಗೆ ಇಪ್ಪತ್ತೇಳು ವರ್ಷ ಹಿಡಿಯಿತು.

ಐವತ್ತೊಂದರ ಫೆಬ್ರವರಿಯಲ್ಲಿ ಎಣಿಕೆಯ ಕೆಲಸ ಮೇಷ್ಟ್ರುಗಳ ತಲೆಗೆ ಬಂತು. ಎಣಿಸಿದ ಒಬ್ಬೊಬ್ಬರಿಗೆ ಒಂದೊಂದು ಚೀಟಿ, ಹದಿನಾಲ್ಕು ಪ್ರಶ್ನೆ. ಒಂದು ನಿಯಮ ಎಲ್ಲಕ್ಕಿಂತ ಮೇಲೆ. ಮಾರ್ಚಿ ಒಂದನೆಯ ತಾರೀಖಿನ ಸೂರ್ಯೋದಯಕ್ಕೆ ಯಾರು ಉಸಿರಾಡುತ್ತಿರುವರೋ ಅವರು ಲೆಕ್ಕ. ಅದಕ್ಕೆ ಮುಂಚೆ ಸತ್ತವರ ಚೀಟಿಯ ಮೇಲೆ ಗೀಟು. ಸ್ವತಂತ್ರ ದೇಶದ ಮೊದಲ ಎಣಿಕೆ, ಒಂದು ತಲೆಯೂ ತಪ್ಪಬಾರದು ಎಂದು ಅಣ್ಣಯ್ಯನವರು ಮೇಜು ಗುದ್ದಿ ಹೇಳಿದ್ದರು. ಉಳಿದ ಮೇಷ್ಟ್ರುಗಳು ಗೊಣಗುತ್ತಾ ಎದ್ದರು. ನಾನು ಮಾತ್ರ ಅದನ್ನು ಎದೆಗೆ ಹಚ್ಚಿಕೊಂಡೆ.

ಎಂಥೆಂಥ ಜನ. ಚಿಕ್ಕಬೀರಮ್ಮ ಎಂಬ ಮುದುಕಿಗೆ ಯಜಮಾನರ ಹೆಸರು ಕೇಳಿದೆ. ಗಂಡನ ಹೆಸರನ್ನು ಆಕೆ ಬಾಯಲ್ಲಿ ಹೇಗೆ ತಂದಾಳು?

'ಏಳು ಮಲೆ ಮ್ಯಾಲೆ ಕುಂತವ್ನಲ್ಲ, ಅವನ ಎಸ್ರು ಕಣ್ರೀ. ಬರ್ಕಳಿ.'

'ಮಾದೇವನೇ?'

'ನೀವಂದ್ರಿ. ನಾನಂದಿಲ್ಲ.'

ಹಜಾರದಲ್ಲಿ ಕುಳಿತು ನನ್ನ ಮನೆಯಾಕೆ ಗುರುಶಾಂತಮ್ಮನ ಚೀಟಿಯನ್ನೂ ನಾನೇ ಬರೆದೆ. ಸರ್ಕಾರಿ ಧ್ವನಿಯಲ್ಲಿ, ಮದುವೆಯಾಗಿದೆಯೋ ಎಂದೆ. 'ಅದ್ನ ನಿಮ್ಮುನ್ನೇ ಕೇಳ್ಬೇಕು' ಎಂದಳು, ಮೊರದಿಂದ ಕಣ್ಣೆತ್ತದೆ. ಜೀವನೋಪಾಯದ ಕಾಲಮಿನಲ್ಲಿ ನಿಯಮದ ಪ್ರಕಾರ 'ಸಂಪಾದನೆಯಿಲ್ಲದ ಅವಲಂಬಿ' ಎಂದು ಬರೆದೆ.

'ಏನಂತ ಬರೆದ್ರಿ?'

ಓದಿದೆ.

'ಅಂಗಂದ್ರೆ?'

'ದುಡಿಯದೆ ಗಂಡನ ಅನ್ನ ಉಣ್ಣುವವಳು ಅಂತ.'

'ಎರಡೆಮ್ಮೆ ಆಲು ಕರೆದು ವರ್ತನೆ ಮನೆಗೆ ಆಕಿ ಕಾಸು ತತ್ತಾಳಲ್ಲ, ಅವ್ಳಿಗೆ ಇನ್ನೊಂದು ಚೀಟಿ ಬರೀರಿ. ಅವಳ್ನೂ ಎಣುಸ್ಕಳಿ.'

ನಾನು ನಕ್ಕುಬಿಟ್ಟೆ. ಅವಳು ನಗಲಿಲ್ಲ, ಕೆಮ್ಮಿದಳು.

ಎಣಿಕೆಯೇ ಅವಳಿಗೆ ಹಿಡಿಸಿರಲಿಲ್ಲ. 'ಮಕ್ಳ ತಲೆ ಮುಟ್ಟಿ ಒಂದು ಎರಡು ಅನ್ಬೇಡಿ, ಎಣಿಸಿದ್ ತಲೆ ಉಳಿಯಾಕಿಲ್ಲ. ಎತ್ತೋರ ಎದೆ ಅಂಗೇ ಇರ್ತದಾ?' ಎನ್ನುತ್ತಿದ್ದಳು. ಮಂಗಳಗೌರಿಗಿಂತ ಮುಂಚೆ ನಮಗೆ ಎರಡು ಹುಟ್ಟಿ, ಎರಡೂ ಹೋಗಿದ್ದವು. ಅವಳ ಮಾತನ್ನು ಮೌಢ್ಯವೆಂದೆ. ಓದಿದವನಲ್ಲವೇ. ಯೋವಾಬನಿಗೆ ಅರಸನೂ ಹಾಗೇ ಏನೋ ಅಂದಿರಬೇಕು.

ಕೆಮ್ಮು ಜ್ವರಕ್ಕೆ ತಿರುಗಿತು. 'ಉಣಸೂರಿನ ಆಸ್ಪತ್ರೆಗೆ ಒಂದಪ ಕರ್ಕೊಂಡೋಗಿ' ಎಂದಳು. ಜೀವಮಾನದಲ್ಲಿ ಅವಳು ನನ್ನನ್ನು ಕೇಳಿದ್ದು ಕಡಿಮೆ. ಮಾರ್ಚಿ ಒಂದು ಕಳೆಯಲಿ ಎಂದೆ. ಎರಡು ದಿನ ಬಿಟ್ಟು ಮತ್ತೆ ಕೇಳಿದಳು. ಒಂದು ಕಳೆಯಲಿ ಎಂದೆ. ಮೂರನೆಯ ಸಲ ಅವಳು ಕೇಳಲಿಲ್ಲ. ಕೇಳದಿದ್ದಾಗ, ವಾಸಿಯಾಗುತ್ತಿದೆ ಎಂದುಕೊಂಡೆ. ಹಾಗಂದುಕೊಳ್ಳುವುದು ನನಗೆ ಅನುಕೂಲವಾಗಿತ್ತು.

ಫೆಬ್ರವರಿ ಇಪ್ಪತ್ತೆಂಟು, ಬುಧವಾರ. ಲಕ್ಷ್ಮಣತೀರ್ಥದ ಆಚೆ ದಂಡೆಯ ಒಂದು ಕೊಪ್ಪಲಿನಲ್ಲಿದ್ದೆ, ನಮ್ಮ ಮನೆಗೆ ಮೂರು ಮೈಲಿ. ರಾಗಿ ಬಡಿಯುವ ಕಾಲ, ಜನ ಕಣದಲ್ಲೇ ಇದ್ದರು. ಕಣದ ಅಂಚಿನಲ್ಲಿ ಕುಳಿತು ಬರೆಯುತ್ತಿದ್ದೆ. ಮಧ್ಯಾಹ್ನ ಇಳಿದಿತ್ತು. ನಮ್ಮೂರ ತಳವಾರ ಮಂಟಯ್ಯ ಹೊಳೆ ಹಾಯ್ದು, ತೊಡೆಯವರೆಗೆ ಒದ್ದೆಯಾಗಿ ಬಂದ.

'ಮೇಷ್ಟ್ರೇ, ಅಮ್ಮಾರ್ಗೆ ಉಸ್ರು ಎಳೀತಾದೆ. ಪಕ್ಕದ್ಮನೆ ಮಲ್ಲಾಜಮ್ಮಾರು ಈಗಿಂದೀಗ್ಲೇ ಬರ್ಬೇಕು ಅಂದ್ರು.'

ನಾನು ಏನಂದೆ ಗೊತ್ತೇ? ಇನ್ನೂ ಏಳು ಮನೆ ಉಳಿದಿವೆ ಮಂಟಯ್ಯ, ರಾತ್ರಿ ಮಂಟಪದಲ್ಲಿ ಮಲಗುವ ಮನೆಯಿಲ್ಲದವರನ್ನೂ ಎಣಿಸಬೇಕು, ಬೆಳಿಗ್ಗೆ ಬಂದುಬಿಡುತ್ತೇನೆ ಅನ್ನು ಎಂದೆ. ಅವನು ಒದ್ದೆ ಪಂಚೆಯ ಅಂಚು ಹಿಂಡಿದ.

'ಎಣಿಕೆ ಇನ್ನತ್ತು ವರ್ಸಕ್ಕೆ ತಿರ್ಗಾ ಬತ್ತದಂತಲ್ಲಾ ಮೇಷ್ಟ್ರೇ' ಎಂದ. ಅಷ್ಟೇ ಅಂದು ಹೊಳೆಯ ಕಡೆ ನಡೆದ.

ಸಭಿಕರೇ, ಅವನ ಹಿಂದೆ ನಾನು ಏಕೆ ಹೋಗಲಿಲ್ಲ? ಆರು ವರ್ಷದಿಂದ ಕೇಳಿಕೊಳ್ಳುತ್ತಿದ್ದೇನೆ. ಸರ್ಕಾರದ ಭಯವೇ? ಅಲ್ಲ. ಅಣ್ಣಯ್ಯನವರಿಗೆ ಹೇಳಿಕಳಿಸಿದ್ದರೆ ಬೇರೆಯವರನ್ನು ಕಳಿಸುತ್ತಿದ್ದರು, ಅವರು ಅಂಥವರು. ಒಂದೂ ತಪ್ಪಿಲ್ಲ ಎಂದು ನಾಲ್ಕು ಜನರೆದುರು ಅನ್ನಿಸಿಕೊಳ್ಳುವ ಆಸೆ. ಇವತ್ತು ಈ ವೇದಿಕೆಯ ಮೇಲೆ ಅನ್ನಿಸಿಕೊಂಡೆನಲ್ಲ, ಅದು. 'ಪ್ರೈಡ್' ಎಂದರೆ ಏನೋ ದೊಡ್ಡದು, ಅರಸರಿಗೆ ಬರುವ ರೋಗ ಎಂದುಕೊಂಡಿದ್ದೆ. ಏಳು ಮನೆಯಷ್ಟು ಜಾಗ ಸಾಕು ಅದಕ್ಕೆ.

ಬೆಳಿಗ್ಗೆ ಬಿಸಿಲು ಏರಿದ ಮೇಲೆ ಊರು ಸೇರಿದೆ. ಬಾಗಿಲಲ್ಲಿ ಜನ. ಅವಳನ್ನು ಗೋಡೆಗೆ ಒರಗಿಸಿ ಕೂರಿಸಿ, ವಿಭೂತಿ ಹಚ್ಚಿ ಆಗಿತ್ತು. ಮಲ್ಲಾಜಮ್ಮ ನನ್ನ ಮುಖ ನೋಡದೆ ಹೇಳಿದರು. 'ದೀಪ ಅಚ್ಚೋ ವೊತ್ನಲ್ಲಿ ಓದ್ರು. ಬಂದ್ರಾ ಅಂತ ಎರಡು ಕಿತ ಕೇಳಿದ್ರು. ಬತ್ತಾವ್ರೆ ಅಂದೆ. ಆಮ್ಯಾಕೆ ಗೋಡೆ ಕಡೆ ತಿರುಗ್ಕಂಡ್ರು.'

ಹಿಜ್ಕೀಯ ಎಂಬ ಅರಸನಿದ್ದ. ಸಾಯುತ್ತೀಯೆ ಎಂಬ ಸುದ್ದಿ ಬಂದಾಗ ಅವನೂ ಗೋಡೆಯ ಕಡೆ ಮುಖ ತಿರುಗಿಸಿ ಅತ್ತ. ದೇವರು ಅವನಿಗೆ ಇನ್ನೂ ಹದಿನೈದು ವರ್ಷ ಕೊಟ್ಟ. ಅರಸರಿಗೆ ಕೊಡುತ್ತಾನೆ. ಎಮ್ಮೆ ಕರೆಯುವವಳಿಗೆ ಏಕೆ ಕೊಡಲಿಲ್ಲ ಎಂದು ಪಾದ್ರಿಗಳನ್ನು ಒಮ್ಮೆ ಕೇಳಿದ್ದೆ. ಅವರು ತಮ್ಮ ಕುರ್ಚಿ ಬಿಟ್ಟು ಎದ್ದರು. ನನ್ನ ಪಕ್ಕದಲ್ಲಿ ಬಂದು ಕುಳಿತರು. ಆ ಋಣ ನನ್ನ ಮೇಲಿದೆ, ಅದಕ್ಕೇ ಇಂದು ಬಂದೆ.

ನಿಯಮದಂತೆ ಅವಳ ಚೀಟಿಯ ಮೇಲೆ ನಾನು ಗೀಟು ಹಾಕಬೇಕಿತ್ತು. ಲೇಖನಿ ತೆಗೆದುಕೊಂಡೆ. ಸಂಪಾದನೆಯಿಲ್ಲದ ಅವಲಂಬಿ ಎಂಬ ನನ್ನದೇ ಅಕ್ಷರ ಕಂಡಿತು. ಆಗಲಿಲ್ಲ. ಅಧ್ಯಕ್ಷರೇ, ಮರುದಿನ ನೀವು ಕೇಳಿದಾಗ ಸೂರ್ಯ ಹುಟ್ಟಿದ ಮೇಲೆ ಹೋದಳು ಎಂದೆ. ನೀವು ನನ್ನ ಭುಜ ಮುಟ್ಟಿ, ಚೀಟಿಯನ್ನು ಹಾಗೇ ಇಟ್ಟುಕೊಂಡಿರಿ. ಆರುನೂರ ನಲವತ್ತೊಂದರಲ್ಲಿ ಒಂದು ಹೆಚ್ಚು. ನಮ್ಮ ದೇಶದ ಲೆಕ್ಕದಲ್ಲಿ ನನ್ನ ಹೆಂಡತಿ ಆ ಬೆಳಗನ್ನು ಕಂಡಿದ್ದಾಳೆ.

ಒಂದು ಸುಳ್ಳಿಗೆ ಇನ್ನೊಂದು ಬೇಕಾಯಿತು. ಮಣ್ಣಾದ ಮೂರನೆಯ ದಿನ ಬೇಗೂರಿನಿಂದ ಮಗಳು ಬಂದಳು. ಹೊಸ್ತಿಲು ದಾಟುವ ಮುಂಚೆ ಕೇಳಿದಳು. 'ಅವ್ವ ಹೋಗೋವಾಗ ನೀವಿದ್ರಾ ಅಪ್ಪಾಜಿ?'

'ಇದ್ದೆ ಕಣವ್ವ' ಎಂದೆ. 'ನನ್ನ ತೊಡೆಯ ಮೇಲೆ ತಲೆ ಇಟ್ಟುಕೊಂಡೇ ಹೋದಳು. ಎಳೆಬಿಸಿಲು ಬಿದ್ದಿತ್ತು.'

ಅವಳು ನನ್ನ ಕಾಲು ಹಿಡಿದುಕೊಂಡಳು. ಕೇಳಿಸಿಕೊಳ್ಳುತ್ತಾ ನಿಂತಿದ್ದ ಮಲ್ಲಾಜಮ್ಮ ಒಳಗೆ ಹೋದರು. ಆಮೇಲೊಂದು ದಿನ, 'ನನ್ನ ಬಾಯಿಂದ ಬರಾಕಿಲ್ಲ ಬುಡಿ, ನೀವೇ ಮಗೀಗೆ ಏಳಿ ಮೇಷ್ಟ್ರೇ' ಎಂದರು. ಊರಿಗೆಲ್ಲ ಗೊತ್ತಿದ್ದರೂ ಯಾರೂ ಅವಳಿಗೆ ಹೇಳಲಿಲ್ಲ. ಕನಿಕರಕ್ಕೋ, ಅಸಹ್ಯಕ್ಕೋ, ನನಗೆ ತಿಳಿಯದು. ಮಗಳು ಆರು ವರ್ಷದಿಂದ ತಾಯಿಗೆ ಒಂದು ದಿನ ತಡವಾಗಿ ಎಡೆ ಇಡುತ್ತಿದ್ದಾಳೆ. ಅತ್ತೆಮನೆಯಲ್ಲಿ ಗಂಡನ ಮೇಲೆ ಕೋಪ ಬಂದಾಗಲೆಲ್ಲ, ನಮ್ಮಪ್ಪಾಜೀನ ನೋಡಿ ಕಲೀರಿ ಅನ್ನುತ್ತಾಳಂತೆ. ಅಳಿಯಂದಿರೇ ನನಗೆ ಹೇಳಿ ನಕ್ಕಿದ್ದಾರೆ. ಈಗ ಕಲ್ಲಿನ ಮೇಲೆ 'ಪತಿಯ ತೊಡೆಯ ಮೇಲೆ ಲಿಂಗೈಕ್ಯಳಾದಳು' ಎಂದು ಕೆತ್ತಿಸಬೇಕೆನ್ನುತ್ತಾಳೆ. ಹಾಳೆಯಲ್ಲಿರುವ ಸುಳ್ಳು ಗೆದ್ದಲಿಗೆ ಹೋಗುತ್ತದೆ. ಕಲ್ಲಿನ ಮೇಲಿನದನ್ನು ಮೊಮ್ಮಕ್ಕಳು ಓದುತ್ತಾರೆ.

ದಾವೀದನ ಕಥೆಯ ಕೊನೆ ಹೇಳಿಲ್ಲ. ಮಾರಿಯ ದೂತ ಊರನ್ನು ಕೊಚ್ಚುತ್ತಾ ಬಂದು ಒಬ್ಬ ರೈತನ ಕಣದ ಹತ್ತಿರ ನಿಂತ. ಅರಸ ಅಲ್ಲಿ ನಿಂತು, ತಪ್ಪು ಮಾಡಿದವನು ನಾನು, ಈ ಕುರಿಗಳು ಏನು ಮಾಡಿದ್ದವು ಎಂದು ಬೇಡಿಕೊಂಡ. ದೊರೆ ಇದನ್ನು 'ರಿಪೆಂಟೆನ್ಸ್' ಎಂದು ಬೋರ್ಡಿನ ಮೇಲೆ ದೊಡ್ಡದಾಗಿ ಬರೆದು ಬಹಳ ಹೊಗಳಿದ. ನನಗೆ ಹೊಗಳಲು ಮನಸ್ಸಿಲ್ಲ. ಅಷ್ಟು ಹೊತ್ತಿಗೆ ಎಪ್ಪತ್ತು ಸಾವಿರ ಜನ ಹೋಗಿಯಾಗಿತ್ತು. ಅವರ ಮನೆಗಳಿಗೆ ಅವನು ಒಂದೊಂದಾಗಿ ಹೋಗಿ, ನಿಮ್ಮವರು ಸತ್ತದ್ದು ನನ್ನಿಂದ ಎಂದು ಹೇಳಿದನೇ? ಎಲ್ಲಿಯೂ ಬರೆದಿಲ್ಲ. ದೇವರ ಮುಂದೆ ಒಪ್ಪಿಕೊಳ್ಳುವುದು ಸುಲಭ, ಆತ ಮುಂಚೆಯೇ ತಿಳಿದಿರುತ್ತಾನೆ. ತಿಳಿಯದವರ ಮುಂದೆ ಹೇಳಬೇಕಲ್ಲ, ಪಾಠವಿದ್ದರೆ ಅಲ್ಲಿದೆ.

ಮಂಗಳಗೌರಿ, ನಾನು ಇರಲಿಲ್ಲ ಕಣವ್ವ. ಕರೆ ಬಂದಿತ್ತು, ಬರಲಿಲ್ಲ. ಅವಳು ಹೋದದ್ದು ಇಪ್ಪತ್ತೆಂಟನೆಯ ತಾರೀಖು, ದೀಪ ಹಚ್ಚುವ ಹೊತ್ತಿನಲ್ಲಿ. ಕಲ್ಲಿನ ಮೇಲೆ ತೊಡೆಯ ಮಾತು ಬೇಡ.

ಅವಳು ಎದ್ದಳು. ಎಲ್ಲರೂ ಹಾಗೆ ತಿರುಗಿ ನೋಡಬೇಡಿ, ದಯವಿಟ್ಟು. ಬಾಗಿಲ ಬಳಿಯವರು ಸ್ವಲ್ಪ ದಾರಿ ಬಿಡಿ. ಹೊರಗೆ ಎಡಕ್ಕೆ ತಿರುಗಿದರೆ ಬೇಗೂರಿನ ಕಡೆಯ ಬಸ್ಸು, ಬಲಕ್ಕೆ ತಿರುಗಿದರೆ ನನ್ನ ಮನೆ. ಈ ವೇದಿಕೆಯಿಂದ ರಸ್ತೆ ಕಾಣುವುದಿಲ್ಲ. ನಾನು ಬೇಗ ಮುಗಿಸಬೇಕು.

ಇಷ್ಟು ಹೊತ್ತು ಸಹಿಸಿದ ಅಧ್ಯಕ್ಷರಿಗೆ, ವಿಷಯ ಕೊಟ್ಟ ಪಾದ್ರಿಗಳಿಗೆ, ಗದ್ದಲ ಮಾಡದ ವಿದ್ಯಾರ್ಥಿಗಳಿಗೆ ನನ್ನ ವಂದನೆಗಳು. ಆ ಶಾಲು ಹಾರಗಳು ತಟ್ಟೆಯಲ್ಲೇ ಇರಲಿ, ಹಾಕಿಸಿಕೊಳ್ಳುವಷ್ಟು ಹೊತ್ತು ನಾನು ನಿಲ್ಲಲಾರೆ. ಎಲ್ಲರಿಗೂ ನಮಸ್ಕಾರ.